ಕಲಬುರಗಿಯಿಂದ ವರ್ಲ್ಡ್ ಟೂರ್ ಕಾನ್ಸರ್ಟ್‌ಗೆ: ಟಿಕೆಟ್ ಪಾಳಿಯಿಂದ ವಾಪಸ್ ಗಾಡಿಯವರೆಗೆ

ಹೊಸ ಆಲ್ಬಂ ಬಂತೆಂದರೆ ಅದರ ಬೆನ್ನಿಗೇ ವರ್ಲ್ಡ್ ಟೂರ್ ಹೊರಡುತ್ತದೆ. ಅದು ಕಲಬುರಗಿಗಂತೂ ಬರುವುದಿಲ್ಲ. ಆದರೆ ದೊಡ್ಡ ಪಾಪ್ ಗಾಯಕರು ಭಾರತಕ್ಕೆ ಬಂದಾಗ ಹಾಡುವ ಮುಂಬೈ, ಹೈದರಾಬಾದ್, ಬೆಂಗಳೂರು ಮೂರೂ ಕಲಬುರಗಿ, ಬೀದರ್, ಯಾದಗಿರಿಯವರಿಗೆ ಒಂದು ರಾತ್ರಿಯ ದಾರಿ. ದೂರದ ಕಾರಣಕ್ಕೆ ಕಾನ್ಸರ್ಟ್ ತಪ್ಪುವುದು ಕಡಿಮೆ. ತಪ್ಪುವುದು ಗಡಿಯಾರ ಮತ್ತು ತಾರೀಖಿನ ಲೆಕ್ಕದಲ್ಲಿ: ಟಿಕೆಟ್ ಮಾರಾಟ ತೆರೆಯುವ ಮೊದಲ ಹತ್ತು ನಿಮಿಷ, ರೈಲಿನ ಬುಕಿಂಗ್ ತೆರೆಯುವ ಮುಂಜಾನೆ, ಕಾರ್ಯಕ್ರಮ ಮುಗಿದು ಮೈದಾನದಿಂದ ಹೊರಬೀಳುವ ಆ ಒಂದು ತಾಸು. ಹಾಡಿನ ಎರಡು ತಾಸನ್ನು ಗಾಯಕರು ನೋಡಿಕೊಳ್ಳುತ್ತಾರೆ. ಈ ಮೂರನ್ನು ನೀವು ನೋಡಿಕೊಳ್ಳಬೇಕು.

ಯಾವಾಗ ಕಿವಿ ನಿಮಿರಿಸಬೇಕು

ಅಮೆರಿಕ, ಯುರೋಪಿನ ಬಯಲು ಸ್ಟೇಡಿಯಂಗಳು ಬೇಸಿಗೆಯಲ್ಲಿ ತುಂಬುತ್ತವೆ. ನಮ್ಮಲ್ಲಿ ಬೇಸಿಗೆಗೆ ಬಿಸಿಲು, ಜೂನ್‌ನಿಂದ ಮಳೆ. ಹಾಗಾಗಿ ಭಾರತದ ಪಾಲಿಗೆ ಉಳಿಯುವುದು ಬಹುತೇಕ ಅಕ್ಟೋಬರ್‌ನಿಂದ ಫೆಬ್ರವರಿ. ದುವಾ ಲಿಪಾ ಅವರ ಹೊಸ ಆಲ್ಬಂ 2024ರ ಮೇ ತಿಂಗಳಲ್ಲಿ ಬಂತು, ನವೆಂಬರ್ 30ಕ್ಕೆ ಅವರು ಮುಂಬೈಯಲ್ಲಿದ್ದರು. ಕೋಲ್ಡ್‌ಪ್ಲೇ ತಂಡ 2022ರ ಮಾರ್ಚ್‌ನಲ್ಲಿ ಶುರು ಮಾಡಿದ ಟೂರ್ ಭಾರತ ಮುಟ್ಟಿದ್ದು 2025ರ ಜನವರಿಯಲ್ಲಿ. ಎಡ್ ಶೀರನ್ ಅದೇ ಜನವರಿ ಕೊನೆಯಿಂದ ಫೆಬ್ರವರಿ ನಡುವರೆಗೆ ಆರು ಊರು ಸುತ್ತಿದರು. ಅದರಲ್ಲಿ ಹೈದರಾಬಾದ್, ಬೆಂಗಳೂರು ಎರಡೂ ಇದ್ದವು. ಜಸ್ಟಿನ್ ಬೀಬರ್ 2017ರ ಮೇ 10ರಂದು ನವಿ ಮುಂಬೈಯಲ್ಲಿ ಹಾಡಿದ್ದು ಅಪರೂಪದ ಲೆಕ್ಕ. ಆ ಸೆಕೆಯಲ್ಲಿ ಮೈದಾನದಲ್ಲಿ ನಿಲ್ಲುವುದು ಕಲಬುರಗಿಯ ಮೇ ತಿಂಗಳು ಕಂಡವರಿಗೂ ಸುಲಭವಲ್ಲ.

ಆಲ್ಬಂ ಬಂದ ವರ್ಷವೇ ಬರಲಿಲ್ಲ ಎಂದು ಆಸೆ ಬಿಡಬೇಡಿ. ಘೋಷಣೆಗೂ ಕಾರ್ಯಕ್ರಮಕ್ಕೂ ಎರಡರಿಂದ ನಾಲ್ಕು ತಿಂಗಳಷ್ಟೇ ಅಂತರ ಇರುವುದುಂಟು. ಗಾಯಕರ ಅಧಿಕೃತ ಮೇಲಿಂಗ್ ಲಿಸ್ಟ್‌ಗೆ ಸೇರಿ, ಬುಕ್‌ಮೈಶೋ ಮತ್ತು ಡಿಸ್ಟ್ರಿಕ್ಟ್ ಆ್ಯಪ್‌ಗಳಲ್ಲಿ ಆ ಗಾಯಕರ ಹೆಸರಿನ ಸೂಚನೆ ಹಚ್ಚಿಡಿ. ಕೆಲವು ಟೂರ್‌ಗಳಲ್ಲಿ ಒಂದು ನಿರ್ದಿಷ್ಟ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಇದ್ದವರಿಗೆ ಒಂದೆರಡು ದಿನ ಮೊದಲೇ ಮಾರಾಟ ತೆರೆಯುತ್ತದೆ. ಮನೆಯಲ್ಲಿ, ಗೆಳೆಯರಲ್ಲಿ ಯಾರ ಬಳಿ ಯಾವ ಕಾರ್ಡ್ ಇದೆ ಎಂದು ಆಗಲೇ ವಿಚಾರಿಸಿಡಿ.

ಟಿಕೆಟ್ ಪಾಳಿ

ಬಹಳ ಜನ ಸೋಲುವುದು ದುಡ್ಡು ಕಟ್ಟುವ ಹಂತದಲ್ಲಿ. ಪಾಳಿ ಬಂದಿರುತ್ತದೆ, ಟಿಕೆಟ್ ಆರಿಸಿಯೂ ಆಗಿರುತ್ತದೆ, ಪೇಮೆಂಟ್ ಬೀಳುವುದಿಲ್ಲ. ಕಾರಣಗಳು ಹೆಚ್ಚೂಕಡಿಮೆ ಇವೇ.

ಹೊಸ ಕಾರ್ಡ್ ಕೈಗೆ ಬಂದಾಗ ಅದು ಎಟಿಎಂ ಮತ್ತು ಅಂಗಡಿ ಸ್ವೈಪ್‌ಗೆ ಮಾತ್ರ ಚಾಲೂ ಇರುತ್ತದೆ, ಆನ್‌ಲೈನ್ ಬಳಕೆ ಬಂದ್ ಇರುತ್ತದೆ. ರಿಸರ್ವ್ ಬ್ಯಾಂಕಿನ ಈ ನಿಯಮ 2020ರ ಅಕ್ಟೋಬರ್‌ನಿಂದ ಇದೆ. ಬ್ಯಾಂಕಿನ ಆ್ಯಪ್‌ನಲ್ಲಿ ಅದನ್ನು ಚಾಲೂ ಮಾಡಿ, ದಿನದ ಮಿತಿಯನ್ನೂ ಏರಿಸಿ. ಆಮೇಲೆ ಹತ್ತು ರೂಪಾಯಿಯ ರೀಚಾರ್ಜ್ ಮಾಡಿಯಾದರೂ ಪರೀಕ್ಷಿಸಿ. ಯುಪಿಐ ನಂಬುವವರು ಇನ್ನೊಂದು ನೆನಪಿಡಿ: ಹೊಸ ಫೋನ್‌ನಲ್ಲಿ ಯುಪಿಐ ಹಾಕಿಕೊಂಡ ಮೊದಲ 24 ತಾಸು 5,000 ರೂಪಾಯಿಗಿಂತ ಹೆಚ್ಚು ಹೋಗುವುದಿಲ್ಲ. ಕೋಲ್ಡ್‌ಪ್ಲೇ ಮುಂಬೈ ಟಿಕೆಟ್ 2,500ರಿಂದ 35,000 ರೂಪಾಯಿವರೆಗೆ ಇತ್ತು, ಒಬ್ಬರಿಗೆ ಹೆಚ್ಚೆಂದರೆ ನಾಲ್ಕು. ತೀರಾ ಅಗ್ಗದ ನಾಲ್ಕಕ್ಕೇ 10,000 ಆಯಿತು. ಹೊಸ ಫೋನಿನ ಸಂಭ್ರಮ ಮಾರಾಟದ ಹಿಂದಿನ ದಿನ ಬೇಡ.

ಮೂರನೆಯದು ಓಟಿಪಿ. ಕಾರ್ಡ್ ಅಪ್ಪಾಜಿಯದು, ಓಟಿಪಿ ಬರುವ ಫೋನು ಅವರ ಜೇಬಿನಲ್ಲಿ, ಅವರು ಹೊಲದಲ್ಲಿ, ಹೊಲದಲ್ಲಿ ಸಿಗ್ನಲ್ ಒಂದೇ ಕಡ್ಡಿ. ಪೇಮೆಂಟ್‌ಗೆ ಸಿಗುವುದು ಕೆಲವೇ ನಿಮಿಷ. ಫೋನ್ ಹಚ್ಚಿ ನಂಬರ್ ಕೇಳಿ ಬರೆದುಕೊಳ್ಳುವಷ್ಟರಲ್ಲಿ ಟಿಕೆಟ್ ಕೈಬಿಟ್ಟಿರುತ್ತದೆ. ಕಾರ್ಡ್ ಯಾರದೋ ಅವರು ಆ ಹೊತ್ತಿಗೆ ನಿಮ್ಮ ಪಕ್ಕದಲ್ಲಿ ಕೂತಿರಬೇಕು.

ಮಾರಾಟದ ದಿನ ಹೀಗೆ ಮಾಡಿ. ನಿಗದಿತ ವೇಳೆಗೆ ಅರ್ಧ ತಾಸು ಮೊದಲು ಲಾಗಿನ್ ಆಗಿ ವೇಟಿಂಗ್ ರೂಮಿಗೆ ಹೋಗಿ. ಮಾರಾಟ ತೆರೆದ ಕ್ಷಣ ಅಲ್ಲಿದ್ದ ಎಲ್ಲರಿಗೂ ಚೀಟಿ ಎತ್ತಿದ ಹಾಗೆ ಪಾಳಿ ನಂಬರ್ ಹಂಚುವುದು ಇಂಥ ವ್ಯವಸ್ಥೆಗಳ ಸಾಮಾನ್ಯ ರೀತಿ. ಅರ್ಧ ತಾಸು ಮೊದಲು ಬಂದವರೂ ಐದು ನಿಮಿಷ ಮೊದಲು ಬಂದವರೂ ಅಲ್ಲಿ ಸಮಾನರು, ತೆರೆದ ಮೇಲೆ ಬಂದವರು ಮಾತ್ರ ಎಲ್ಲರ ಹಿಂದೆ. ಆದ್ದರಿಂದ ಮುಂಜಾನೆಯಿಂದ ಸ್ಕ್ರೀನ್ ಕಾಯುವ ಅಗತ್ಯವಿಲ್ಲ, ಆದರೆ ಒಂದು ನಿಮಿಷವೂ ತಡವಾಗಬಾರದು. ನಂಬರ್ ಬಂದ ಮೇಲೆ ಪುಟ ರಿಫ್ರೆಶ್ ಮಾಡಬೇಡಿ. ಒಂದೇ ಖಾತೆಯನ್ನು ಮೂರು ಫೋನ್‌ನಲ್ಲಿ ತೆರೆಯಬೇಡಿ, ಒಂದು ಇನ್ನೊಂದನ್ನು ಹೊರಹಾಕುತ್ತದೆ. ಐದು ಜನ ಹೋಗುವವರಿದ್ದರೆ ಐವರೂ ತಂತಮ್ಮ ಖಾತೆಯಲ್ಲಿ ಪಾಳಿ ಹಚ್ಚಿ, ಯಾರ ನಂಬರ್ ಮುಂದಿದೆಯೋ ಅವರು ತೆಗೆಸಲಿ. ಮೊದಲ ಆಯ್ಕೆಯ ಜಾಗ ಸಿಗದಿದ್ದರೆ ಎರಡನೆಯದು ಯಾವುದು, ಎಷ್ಟು ರೂಪಾಯಿವರೆಗೆ ಸರಿ ಎಂಬುದು ಮೊದಲೇ ಹಾಳೆಯ ಮೇಲೆ ಇರಲಿ. ಸ್ಕ್ರೀನಿನ ಮೇಲೆ ಕಾಣುವ ದರಕ್ಕೆ ಜಿಎಸ್‌ಟಿ, ಬುಕಿಂಗ್ ಶುಲ್ಕ ಕೂಡುವುದನ್ನೂ ಲೆಕ್ಕ ಹಿಡಿಯಿರಿ.

ಟಿಕೆಟ್ ಸಿಗಲಿಲ್ಲವೇ? ಅದೇ ದಿನ ಇನ್‌ಸ್ಟಾಗ್ರಾಂನಲ್ಲಿ ಯಾರೋ ಹೆಚ್ಚು ದುಡ್ಡಿಗೆ ಕೊಡುತ್ತೇನೆ ಎಂದರೆ ಕೈ ಹಾಕಬೇಡಿ. ಕೋಲ್ಡ್‌ಪ್ಲೇ ಟಿಕೆಟ್ ಮರುಮಾರಾಟದಲ್ಲಿ ಲಕ್ಷ ದಾಟಿತ್ತು. ಇತ್ತೀಚಿನ ಟಿಕೆಟ್‌ಗಳ ಕ್ಯೂಆರ್ ಕೋಡ್ ಕಾರ್ಯಕ್ರಮ ಹತ್ತಿರವಾದ ಮೇಲಷ್ಟೇ ಆ್ಯಪ್‌ನಲ್ಲಿ ಮೂಡುತ್ತದೆ, ಕೆಲವದರಲ್ಲಿ ಆಗಾಗ ಬದಲಾಗುತ್ತಿರುತ್ತದೆ. ಅಂಥ ಟಿಕೆಟ್ಟಿನ ಸ್ಕ್ರೀನ್‌ಶಾಟ್‌ಗೆ ಗೇಟಿನಲ್ಲಿ ಬೆಲೆಯೇ ಇಲ್ಲ. ಆ್ಯಪ್ ಒಳಗಿಂದಲೇ ವರ್ಗಾಯಿಸುವ ಸೌಲಭ್ಯ ಇದ್ದರೆ ಮಾತ್ರ ಇನ್ನೊಬ್ಬರ ಟಿಕೆಟ್ ತೆಗೆದುಕೊಳ್ಳಿ. ದುಡ್ಡು ಹೋಗಿಯೇಬಿಟ್ಟರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಮೋಸ ಹೋಗುವುದಕ್ಕಿಂತ ಕಾಯುವುದು ಲೇಸು: ಸಂಘಟಕರು ಕಾದಿರಿಸಿದ ಒಂದಷ್ಟು ಟಿಕೆಟ್‌ಗಳನ್ನು ಕೊನೆಯ ವಾರಗಳಲ್ಲಿ ಸದ್ದಿಲ್ಲದೆ ಬಿಡುವುದುಂಟು.

ಯಾವ ಜಾಗ

ಫ್ಯಾನ್ ಪಿಟ್ ಎಂದರೆ ವೇದಿಕೆಯ ಬುಡ. ಅಲ್ಲಿ ನಿಂತೇ ಇರಬೇಕು, ಗೇಟ್ ತೆರೆದ ಹೊತ್ತಿನಿಂದ ಲೆಕ್ಕ ಹಿಡಿದರೆ ಆರೇಳು ತಾಸು. ಎತ್ತರ ಕಡಿಮೆ ಇದ್ದವರಿಗೆ, ಮೊದಲ ಸಾಲುಗಳಲ್ಲಿ ಜಾಗ ಸಿಗದಿದ್ದರೆ, ಕಾಣುವುದು ಮುಂದಿನವರ ಎತ್ತಿದ ಫೋನು ಮಾತ್ರ. ಅವರಿಗೆ ಸ್ಟೇಡಿಯಂನ ಕೆಳಗಿನ ಹಂತದ ಕುರ್ಚಿಯೇ ಒಳ್ಳೆಯದು.

ಹಾಡು ಚೆನ್ನಾಗಿ ಕೇಳಬೇಕು ಎನ್ನುವವರು ಸೌಂಡ್ ಡೆಸ್ಕ್ ಹುಡುಕಿ. ಮೈದಾನದ ನಡುವೆ, ವೇದಿಕೆಗೆ ನೇರ ಎದುರು, ಬೇಲಿ ಹಾಕಿದ ಒಂದು ಅಟ್ಟ ಇರುತ್ತದೆ. ಸೌಂಡ್ ಎಂಜಿನಿಯರ್ ಅಲ್ಲೇ ಕೂತು ತಮ್ಮ ಕಿವಿಗೆ ಕೇಳಿದಂತೆ ಧ್ವನಿ ಹೊಂದಿಸುತ್ತಾರೆ. ಅದರ ಮುಂದೆ ನಿಂತರೆ ಅವರಿಗೆ ಕೇಳಿದ್ದೇ ನಿಮಗೂ. ತೀರಾ ಹಿಂದೆ ಹೋದರೆ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ, 100 ಮೀಟರ್ ಹಿಂದಿರುವವರಿಗೆ ಸೆಕೆಂಡಿನ ಮೂರನೇ ಒಂದು ಪಾಲು ತಡ. ಹಿಂದಿನವರಿಗಾಗಿ ನಡುವೆ ಸ್ಪೀಕರ್ ಗೋಪುರ ನಿಲ್ಲಿಸಿರುತ್ತಾರೆ. ಅದರ ಹಿಂದೆ ಸಿಕ್ಕಿಕೊಂಡರೆ ವೇದಿಕೆಯ ಒಂದು ಭಾಗ ಕಾಣುವುದೇ ಇಲ್ಲ, ಒಳಗೆ ಹೋದ ತಕ್ಷಣ ನೋಡಿಕೊಂಡು ನಿಲ್ಲಿ.

ರೈಲಿನ ತಾರೀಖು

ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 120 ದಿನದ ಬದಲು 60 ದಿನಕ್ಕೆ ಇಳಿದಿದೆ. ಎಂದರೆ ಕಾನ್ಸರ್ಟ್ ಟಿಕೆಟ್ ಮೊದಲು ಕೈಗೆ ಬರುತ್ತದೆ, ರೈಲು ಇನ್ನೂ ತೆರೆದೇ ಇರುವುದಿಲ್ಲ. ಈ ನಡುವಿನ ವಾರಗಳಲ್ಲಿ ಮರೆಯುವವರೇ ಹೆಚ್ಚು. ಲೆಕ್ಕ ಹೀಗೆ: ಮುಂಬೈ ಕಾರ್ಯಕ್ರಮ ಜನವರಿ 18ಕ್ಕೆ, ಹಿಂದಿನ ಸಂಜೆ, 17ರಂದು, ಕಲಬುರಗಿಯಲ್ಲಿ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತುತ್ತೀರಿ. ಆ ಗಾಡಿ ಅದೇ ದಿನ ಹೈದರಾಬಾದ್ ಬಿಟ್ಟಿರುತ್ತದೆ, ಆದ್ದರಿಂದ ಬುಕಿಂಗ್ ನವೆಂಬರ್ 18ರ ಮುಂಜಾನೆ 8ಕ್ಕೆ ತೆರೆಯುತ್ತದೆ. ಉದ್ಯಾನ್ ಎಕ್ಸ್‌ಪ್ರೆಸ್ ಆದರೆ ಲೆಕ್ಕ ಬೇರೆ. ಅದು ಬೆಂಗಳೂರನ್ನು ಹಿಂದಿನ ರಾತ್ರಿಯೇ ಬಿಟ್ಟಿರುತ್ತದೆ, 60 ದಿನ ಎಣಿಸುವುದು ಗಾಡಿ ಹೊರಟ ದಿನದಿಂದ. ನೀವು 17ರ ಬೆಳಿಗ್ಗೆ ಹತ್ತುವುದಾದರೂ ಬುಕಿಂಗ್ ನವೆಂಬರ್ 17ಕ್ಕೇ ತೆರೆದಿರುತ್ತದೆ. ಈ ಒಂದು ದಿನದ ಫರಕು ಗೊತ್ತಿಲ್ಲದೆ ವೇಟಿಂಗ್ ಲಿಸ್ಟ್‌ಗೆ ಬೀಳುವುದು ಸಾಮಾನ್ಯ. ತತ್ಕಾಲ್ ನಂಬಿ ಕೂರಬೇಡಿ. ಕೂತರೂ ಐಆರ್‌ಸಿಟಿಸಿ ಖಾತೆಗೆ ಆಧಾರ್ ದೃಢೀಕರಣ ಮೊದಲೇ ಆಗಿರಲಿ, 2025ರ ಜುಲೈನಿಂದ ಅದಿಲ್ಲದೆ ಆನ್‌ಲೈನ್ ತತ್ಕಾಲ್ ಇಲ್ಲ.

ಯಾದಗಿರಿಯವರಿಗೆ ಮನೆ ಬಾಗಿಲಲ್ಲಿ ಹುಸೇನ್ ಸಾಗರ್ ಸಿಗುವುದಿಲ್ಲ, ವಾಡಿಯಲ್ಲೇ ಮಾರ್ಗ ಕವಲೊಡೆಯುತ್ತದೆ. ಉದ್ಯಾನ್ ಹಿಡಿಯಬೇಕು, ಇಲ್ಲವೇ ಕಲಬುರಗಿಗೆ ಬಂದು ಹತ್ತಬೇಕು. ಬೀದರ್‌ನಿಂದ ಉದಗಿರ, ಲಾತೂರು ಮೇಲಿನ ಮುಂಬೈ ಗಾಡಿ ವಾರದ ಕೆಲವು ದಿನ ಮಾತ್ರ. ದಿನ ಹೊಂದದಿದ್ದರೆ ಹುಮನಾಬಾದ್ ಮೇಲಿನ ರೈಲಿನಲ್ಲೋ ಬಸ್ಸಿನಲ್ಲೋ ಕಲಬುರಗಿಗೆ ಬರುವುದೇ ದಾರಿ.

ಮುಂಬೈ: ಕಾರ್ಯಕ್ರಮ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿದ್ದರೆ ಅದು ನವಿ ಮುಂಬೈಯ ನೇರೂಳ್. ಸುಮಾರು 570 ಕಿ.ಮೀ. ಬಂದು ಮುಂಬೈಯ ಕೊನೆಯ ನಿಲ್ದಾಣ ಸಿಎಸ್‌ಎಂಟಿವರೆಗೆ ಹೋಗಿ ಮತ್ತೆ ವಾಪಸ್ ಬರುವುದು ವ್ಯರ್ಥ ಸುತ್ತು. ಕಲ್ಯಾಣದಲ್ಲಿ ಇಳಿಯಿರಿ, ಲೋಕಲ್‌ನಲ್ಲಿ ಠಾಣೆ, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಮಾರ್ಗದ ಪನವೇಲ್ ಲೋಕಲ್ ಹಿಡಿದರೆ ನೇರ ನೇರೂಳ್. ವಾಶಿ ಲೋಕಲ್ ಹತ್ತಿದರೆ ತುರ್ಭೆ ದಾಟಿ ಬೇರೆ ಕಡೆ ತಿರುಗುತ್ತದೆ, ಬೋರ್ಡ್ ನೋಡಿ ಹತ್ತಿ. ಮಹಾಲಕ್ಷ್ಮಿ ರೇಸ್‌ಕೋರ್ಸ್ ಆದರೆ ದಾದರ್‌ನಲ್ಲಿ ಇಳಿದು ಪಶ್ಚಿಮ ಮಾರ್ಗದ ನಿಧಾನ ಲೋಕಲ್‌ನಲ್ಲಿ ಮಹಾಲಕ್ಷ್ಮಿ.

ಹೈದರಾಬಾದ್: ಬೀದರ್‌ನವರಿಗೆ ಇದು ಅಂಗಳದ ಊರು, ಸುಮಾರು 140 ಕಿ.ಮೀ. ಆದರೆ ಎಡ್ ಶೀರನ್ ಹಾಡಿದ್ದು ರಾಮೋಜಿ ಫಿಲ್ಮ್ ಸಿಟಿಯಲ್ಲಿ. ನಮ್ಮ ಬಸ್ಸು ಊರಿಗೆ ಸೇರುವುದು ಪಶ್ಚಿಮದಲ್ಲಿ, ರಾಮೋಜಿ ಇರುವುದು ಪೂರ್ವದಲ್ಲಿ, ವಿಜಯವಾಡ ರಸ್ತೆಗೆ. ಬಸ್ಸಿನಲ್ಲೇ ಊರೊಳಗಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ವರೆಗೆ ಕೂತು ಟ್ರಾಫಿಕ್ಕಿನಲ್ಲಿ ಬೇಯಬೇಡಿ. ಮಿಯಾಪುರದಲ್ಲಿ ಇಳಿದು ಕೆಂಪು ಮಾರ್ಗದ ಮೆಟ್ರೊ ಹತ್ತಿ, ಕೊನೆಯ ನಿಲ್ದಾಣ ಎಲ್‌.ಬಿ. ನಗರ. ಅಲ್ಲಿಂದ ಬಸ್ಸು ಅಥವಾ ಆಟೊ. ಸ್ವಂತ ಗಾಡಿ ಇದ್ದವರು ಪಟಾನ್‌ಚೆರು ಬಳಿ ಹೊರವರ್ತುಲ ರಸ್ತೆ ಹತ್ತಿ ಪೆದ್ದ ಅಂಬರ್‌ಪೇಟೆಯಲ್ಲಿ ಇಳಿದರೆ ಊರೊಳಗೆ ಕಾಲಿಡುವ ಕೆಲಸವೇ ಇಲ್ಲ.

ಹತ್ತು ಹನ್ನೆರಡು ಜನ ಕೂಡಿದರೆ ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಳ್ಳುವುದು ನಮ್ಮ ಕಡೆಯ ರೂಢಿ. ಹೈದರಾಬಾದ್‌ಗೆ ಅದು ಚಲೋ, ಮುಂಬೈಗೆ ಬೇಡ. ಹಳದಿ ಬೋರ್ಡ್ ಇರಬೇಕು, ತೆಲಂಗಾಣಕ್ಕೆ ಪರ್ಮಿಟ್ ಇರಬೇಕು. ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಒಯ್ದು ಅಪಘಾತವಾದರೆ ವಿಮೆ ಸಿಗುವುದು ಕಷ್ಟ. ಮಾತಾಡುವಾಗಲೇ ಕಾಯುವ ತಾಸು, ಟೋಲ್, ಪಾರ್ಕಿಂಗ್ ಯಾರ ಮೇಲೆ ಎಂದು ತೀರ್ಮಾನಿಸಿ. ನೀವು ಒಳಗೆ ಕುಣಿಯುವ ಹೊತ್ತಿಗೆ ಡ್ರೈವರ್ ಅಣ್ಣ ಹೊರಗೆ ಮಲಗಬೇಕು. ಊಟಕ್ಕೆ ದುಡ್ಡು ಕೊಟ್ಟು ಮಲಗಿರಿ ಎಂದು ಹೇಳಿಯೇ ಹೋಗಿ. ಮಧ್ಯರಾತ್ರಿ ಜಹೀರಾಬಾದ್ ದಾಟುವಾಗ ನಿಮ್ಮೆಲ್ಲರ ಜೀವ ಅವರ ಕಣ್ಣುಗಳ ಮೇಲಿರುತ್ತದೆ.

ಬೆಂಗಳೂರು: ದೊಡ್ಡ ಕಾರ್ಯಕ್ರಮಗಳು ತುಮಕೂರು ರಸ್ತೆಯ ಮಾದಾವರದ ನೈಸ್ ಮೈದಾನದಲ್ಲಿ ನಡೆಯುವುದುಂಟು. ಹಸಿರು ಮೆಟ್ರೊ 2024ರ ನವೆಂಬರ್‌ನಿಂದ ಮಾದಾವರದವರೆಗೆ ಓಡುತ್ತಿದೆ. ಕಲ್ಯಾಣ ಕರ್ನಾಟಕ ಸಾರಿಗೆಯ ಸ್ಲೀಪರ್ ಬಸ್ಸು ತುಮಕೂರು ಮೇಲೆ ಬರುವುದಾದರೆ ಮೆಜೆಸ್ಟಿಕ್‌ವರೆಗೆ ಹೋಗದೆ ಮಾದಾವರದಲ್ಲೇ ಇಳಿಸಲು ಕಂಡಕ್ಟರ್‌ಗೆ ಹೇಳಿಡಿ. ಕಲಬುರಗಿಯ ವಂದೇ ಭಾರತ್ ಮಧ್ಯಾಹ್ನ ತಲುಪಿಸುವುದು ಬೈಯಪ್ಪನಹಳ್ಳಿ ಬಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ಗೆ, ಮಾದಾವರ ಊರಿನ ಇನ್ನೊಂದು ತುದಿ. ನೇರಳೆ ಮೆಟ್ರೊದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ. ಗಾಡಿ ತಡವಾದರೆ ಮೊದಲ ಹಾಡುಗಳು ಹೋದವೆಂದೇ ತಿಳಿಯಿರಿ. ಹಿಂದಿನ ರಾತ್ರಿ ಹೊರಡುವುದು ಮೇಲು.

ಟೂರ್ ಭಾರತವನ್ನೇ ಬಿಟ್ಟರೆ? ಟೇಲರ್ ಸ್ವಿಫ್ಟ್ 2023–24ರ ಟೂರ್‌ನಲ್ಲಿ 149 ಕಾರ್ಯಕ್ರಮ ಕೊಟ್ಟರು, ಭಾರತದಲ್ಲಿ ಒಂದೂ ಇಲ್ಲ. ನಮಗೆ ಹತ್ತಿರದ್ದು ಸಿಂಗಪುರದ ಆರು ರಾತ್ರಿಗಳು. ಅಂಥ ಯೋಚನೆ ಇದ್ದವರು ಪಾಸ್‌ಪೋರ್ಟ್ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಚಾಲ್ತಿಯಲ್ಲಿರುತ್ತದೆಯೇ ನೋಡಿ, ಕಾರ್ಡಿನಲ್ಲಿ ವಿದೇಶಿ ಬಳಕೆ ಚಾಲೂ ಮಾಡಿ, ವಿಮಾನಕ್ಕೆ ಹೈದರಾಬಾದಿನ ಶಂಷಾಬಾದ್ ನಿಲ್ದಾಣ ಹಿಡಿಯಿರಿ.

ಚೀಲ, ಕಾಲು, ಕಿವಿ

ಚೀಲದ ಅಳತೆಗೆ ಮಿತಿ ಇರುತ್ತದೆ, ನೀರಿನ ಬಾಟಲಿ, ಛತ್ರಿ, ಸೆಲ್ಫಿ ಕೋಲು ಒಳಗೆ ಬಿಡುವುದಿಲ್ಲ, ಕೆಲವು ಕಡೆ ಪವರ್ ಬ್ಯಾಂಕೂ ಇಲ್ಲ. ಟಿಕೆಟ್ ಪುಟದ ನಿಷೇಧಿತ ವಸ್ತುಗಳ ಪಟ್ಟಿ ಓದಿ. ಊರಿಂದ ತಂದ ಚೀಲವನ್ನು ರೈಲು ನಿಲ್ದಾಣದ ಕ್ಲೋಕ್ ರೂಮಿನಲ್ಲಿ ಇಡಿ. ಬೀಗ ಹಾಕಿದ ಚೀಲ ಮಾತ್ರ ತೆಗೆದುಕೊಳ್ಳುತ್ತಾರೆ, ಜೊತೆಗೆ ರೈಲು ಟಿಕೆಟ್ ಮತ್ತು ಗುರುತಿನ ಚೀಟಿ ಬೇಕು. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ರೈಲಿನಲ್ಲೇ ಮುಗಿಸಿ, ಗೇಟಿನ ಬಳಿಯ ಡಬ್ಬಿಗೆ ಎಸೆಯುವಾಗ ಹೊಟ್ಟೆ ಉರಿಯುತ್ತದೆ. ಚಪ್ಪಲಿ ಬೇಡ, ಹಳೆಯ, ಕಾಲಿಗೆ ಒಗ್ಗಿದ ಬೂಟು ಹಾಕಿ.

ಕಿವಿಯ ವಿಷಯ ಯಾರೂ ಯೋಚಿಸುವುದಿಲ್ಲ. ಕೆಲಸದ ಜಾಗದ ಸುರಕ್ಷತೆಯ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದು ಎಂಟು ತಾಸಿಗೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಂತೆ ಅವಧಿ ಅರ್ಧ. 100 ಡೆಸಿಬೆಲ್‌ಗೆ ಬರುವ ಹೊತ್ತಿಗೆ ಉಳಿಯುವುದು 15 ನಿಮಿಷ. ಕಾನ್ಸರ್ಟ್ ಮುಟ್ಟುವುದು ಅದೇ ಮಟ್ಟ. ಹತ್ತಿ ತುರುಕಿದರೆ ಉಪಯೋಗವಿಲ್ಲ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ತನ್ನಿ. ಹಾಕುವ ಕ್ರಮ ಹೀಗೆ: ಒಣ ಬೆರಳಲ್ಲಿ ಅದನ್ನು ಊದುಬತ್ತಿ ಹೊಸೆದ ಹಾಗೆ ಹೊಸೆದು ತೆಳ್ಳಗೆ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ, ಆಗ ಒಳದಾರಿ ನೇರವಾಗುತ್ತದೆ. ಪ್ಲಗ್ ತೂರಿಸಿ ಅರ್ಧ ನಿಮಿಷ ಬೆರಳಿಂದ ಒತ್ತಿ ಹಿಡಿಯಿರಿ, ಉಬ್ಬಿಕೊಂಡು ಕೂರುತ್ತದೆ. ಕನ್ನಡಿಯಲ್ಲಿ ಎದುರಿಂದ ನೋಡಿದರೆ ಪ್ಲಗ್ ಹೊರಚಾಚಿ ಕಂಡರೆ ಸರಿ ಕೂತಿಲ್ಲ, ತೆಗೆದು ಮತ್ತೆ ಹಾಕಿ. ಮಕ್ಕಳಿಗೆ ಇದು ಸಾಲದು, ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಬೇಕು.

ಒಳಗೆ, ಆಮೇಲೆ ಹೊರಗೆ

ಗೇಟ್ ದಾಟಿದ ಮೇಲೆ ನೆಟ್‌ವರ್ಕ್ ನಂಬಬೇಡಿ. ಐವತ್ತು ಸಾವಿರ ಫೋನು ಒಂದೇ ಕಡೆ ಸೇರಿದರೆ ಕರೆ ಹೋಗುವುದಿಲ್ಲ. ಟಿಕೆಟ್ಟನ್ನು ಹೊರಗೇ ತೆರೆದಿಡಿ, ಜೊತೆಗಾರರು ತಪ್ಪಿಸಿಕೊಂಡರೆ ಎಲ್ಲಿ, ಎಷ್ಟು ಹೊತ್ತಿಗೆ ಕೂಡಬೇಕು ಎಂದು ಬಾಯಲ್ಲೇ ಗೊತ್ತು ಮಾಡಿಕೊಳ್ಳಿ. ‘ಗೇಟಿನ ಹತ್ತಿರ’ ಎಂದರೆ ಸಾಲದು. ‘ಮೂರನೇ ಗೇಟಿನ ಹೊರಗೆ, ಎಡಕ್ಕೆ ಮೊದಲ ದೀಪದ ಕಂಬ’ ಎಂದಿರಬೇಕು.

ನೂಕುನುಗ್ಗಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2021ರ ನವೆಂಬರ್ 5ರಂದು ಹ್ಯೂಸ್ಟನ್‌ನಲ್ಲಿ ಟ್ರಾವಿಸ್ ಸ್ಕಾಟ್ ಹಾಡುತ್ತಿದ್ದಾಗ ಗುಂಪಿನ ಒತ್ತಡಕ್ಕೆ 10 ಜನ ಸತ್ತರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ 11 ಜನ. ಹ್ಯೂಸ್ಟನ್‌ನಲ್ಲಿ ಜೀವ ಹೋಗಿದ್ದು ತುಳಿತದಿಂದಲ್ಲ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರುಗಟ್ಟಿ. ನಾಲ್ಕೂ ಕಡೆಯಿಂದ ಮೈ ತಾಗಿ, ನಿಮ್ಮ ಹೆಜ್ಜೆ ನಿಮ್ಮ ಇಷ್ಟದಂತೆ ಇಡಲಾಗದಿದ್ದರೆ ಹೊರಡುವ ಹೊತ್ತಾಯಿತು. ಎರಡೂ ಮೊಣಕೈ ಮಡಚಿ ಎದೆಯ ಮುಂದೆ ಹಿಡಿಯಿರಿ, ಎದುರು ಈಜಬೇಡಿ, ಗುಂಪು ತೂಗಿ ನಿಂತ ಕ್ಷಣ ನೋಡಿ ಓರೆಯಾಗಿ ಅಂಚಿನತ್ತ ಸರಿಯಿರಿ. ಫೋನ್ ಬಿದ್ದರೆ ಬಗ್ಗಬೇಡಿ, ಅದು ಹೋಯಿತೆಂದೇ ಲೆಕ್ಕ.

ಕಾರ್ಯಕ್ರಮ ಸಾಮಾನ್ಯವಾಗಿ ರಾತ್ರಿ ಹತ್ತಕ್ಕೆ ಮುಗಿಯುತ್ತದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಲು ರಾಜ್ಯ ಸರ್ಕಾರಕ್ಕೆ ವರ್ಷಕ್ಕೆ 15 ದಿನ ಮಾತ್ರ ಅವಕಾಶ. ಇದರಿಂದ ಎರಡು ಪರಿಣಾಮ. ಪರದೇಶದ ವಿಡಿಯೊ ನೋಡಿ ಒಂಬತ್ತಕ್ಕೆ ಹೋದರಾಯಿತು ಎಂದುಕೊಂಡವರು ಅರ್ಧ ಕಳೆದುಕೊಳ್ಳುತ್ತಾರೆ. ಮತ್ತೆ, ಅದೇ ರಾತ್ರಿ ಹತ್ತರ ಸುಮಾರಿಗೆ ಮುಂಬೈ ಬಿಡುವ ಗಾಡಿಗೆ ಟಿಕೆಟ್ ಮಾಡಿಸಿದವರು ಗಾಡಿ ತಪ್ಪಿಸಿಕೊಳ್ಳುತ್ತಾರೆ. ಮರುದಿನ ಬೆಳಿಗ್ಗೆಯ ಉದ್ಯಾನ್ ಹಿಡಿಯಿರಿ. ನೇರೂಳ್ ಸುತ್ತಿನ ಲಾಡ್ಜ್ ದರ ಆ ವಾರ ಕೈಗೆ ಸಿಗುವುದಿಲ್ಲ. ಠಾಣೆ, ಕಲ್ಯಾಣದ ಕಡೆ ನೋಡಿ, ಅಥವಾ ನಿಮ್ಮ ಪಿಎನ್‌ಆರ್ ಮೇಲೆ ನಿಲ್ದಾಣದ ರಿಟೈರಿಂಗ್ ರೂಮ್ ಕಾದಿರಿಸಿ.

ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಎದ್ದು ಗೇಟಿಗೆ ಬರುತ್ತಾರೆ. ಅರ್ಧ ತಾಸು ಕೂತಲ್ಲೇ ಕೂರಿ, ಇಲ್ಲವೇ ಕೊನೆಯ ಹಾಡು ಬಿಟ್ಟು ಏಳಿ. ನಡುವಿನ ಹೊತ್ತೇ ಕೆಟ್ಟದ್ದು. ಸ್ಟೇಡಿಯಂ ಎದುರು ನಿಂತು ಕ್ಯಾಬ್ ಬುಕ್ ಮಾಡಿದರೆ ದರ ಮೂರು ಪಟ್ಟು ತೋರಿಸುತ್ತದೆ, ಗಾಡಿ ಒಳಗೆ ಬರಲೂ ಆಗುವುದಿಲ್ಲ. ಒಂದೂವರೆ ಕಿಲೋಮೀಟರ್ ನಡೆದು ದೊಡ್ಡ ರಸ್ತೆಗೆ ಬಂದ ಮೇಲೆ ಬುಕ್ ಮಾಡಿ. ವಾಪಸ್ ಲೋಕಲ್ ಅಥವಾ ಮೆಟ್ರೊ ಟಿಕೆಟ್ಟನ್ನು ಬರುವಾಗಲೇ ತೆಗೆದಿಟ್ಟಿರಿ, ಕೊನೆಯ ಗಾಡಿ ಎಷ್ಟಕ್ಕೆ ಎಂದು ಆ ದಿನವೇ ನಿಲ್ದಾಣದಲ್ಲಿ ಕೇಳಿಕೊಳ್ಳಿ. ಕೋಲ್ಡ್‌ಪ್ಲೇ ಥರ ಮಿನುಗುವ ಕೈಪಟ್ಟಿ ಕೊಟ್ಟಿದ್ದರೆ ಹೊರಬಾಗಿಲ ಡಬ್ಬಿಗೆ ಹಾಕಿ ಬನ್ನಿ, ಅದು ಮುಂದಿನ ಊರಿಗೆ ಹೋಗಬೇಕು.

ಊರಿಗೆ ಬಂದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಒಂದೆರಡು ದಿನ ಹೆಡ್‌ಫೋನ್ ಮುಟ್ಟಬೇಡಿ. ಆಮೇಲೂ ನಿಲ್ಲದಿದ್ದರೆ, ಅಥವಾ ಒಂದು ಕಿವಿ ಮಂದವಾಗಿದ್ದರೆ ಎರಡು ದಿನವೂ ಕಾಯದೆ, ಇಎನ್‌ಟಿ ವೈದ್ಯರಿಗೆ ತೋರಿಸಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಿವೆ.